ಗಂಗಾಳ ತೊಳೆದ ನೀರು

ಮಿಯಾತಾ ಸೆನ್ಸೇಯ್ ಬೆರಳುದ್ದದ ಗಾಜಿನ ಶೀಶೆಯೊಂದನ್ನು ನನ್ನ ಅಂಗೈಯ ಮೇಲೆ ಹಿಡಿದು ಸರಕ್ಕನೆ ತಲೆಕೆಳಗು ಮಾಡಿದರು. ನಾನು ಸೆರಗು ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ. ಸ್ವಲ್ಪ ಹೊತ್ತಿನ ಮುಂಚೆ ಅವರು ನನ್ನ ಕಣ್ಣೆದುರಿಗೇ ಆ ಶೀಶೆಗೆ ನೀರಿನಂಥ ಎರಡು ತಿಳಿ ದ್ರವಗಳನ್ನು ಸುರಿದಿದ್ದರು. ವಿಮಾನದ ಪ್ರಯಾಣ ಹೇಗಾಯಿತು, ಚಳಿ ತಡೆಯುತ್ತೀರಾ ಎಂದು ನಾಲ್ಕು ಮಾತಾಡುವಷ್ಟರಲ್ಲಿ ಅದು ಬೆಳ್ಳಗಾಗಿತ್ತು. ಈಗ ತಲೆಕೆಳಗಾಗಿದ್ದರೂ ಒಂದು ಹನಿ ಕೆಳಗೆ ಬೀಳಲಿಲ್ಲ. ಒಲೆಯ ಮೇಲಿಟ್ಟು ಕಾಸಿರಲಿಲ್ಲ, ಹೆಪ್ಪು ಹಾಕಿರಲಿಲ್ಲ, ಮಂಜುಗಡ್ಡೆಯಲ್ಲಿ ಇಟ್ಟಿರಲಿಲ್ಲ. ಆಮೇಲೆ ಅವರು ಶೀಶೆಯನ್ನು ಜೋರಾಗಿ ಅಲ್ಲಾಡಿಸಿದರು. ಗಟ್ಟಿಯಾಗಿದ್ದದ್ದು ಮಜ್ಜಿಗೆಯ ಹಾಗೆ ಹರಿದಾಡಿತು. ಮೇಜಿನ ಮೇಲಿಟ್ಟು ಸುಮ್ಮನೆ ಕೂತರೆ ಮತ್ತೆ ಗಟ್ಟಿ. ಜಪಾನಿಗೆ ಬಂದ ಮೂರನೆಯ ದಿನ ಕಂಡದ್ದು ಇದು. ಇಲ್ಲಿಯ ರೈಲು, ಹಿಮ, ಹಸಿ ಮೀನು ಯಾವುದೂ ನನ್ನನ್ನು ಅಷ್ಟು ಬೆಚ್ಚಿಬೀಳಿಸಲಿಲ್ಲ.

ಸೆನ್ಸೇಯ್ ಎಂದರೆ ಮೇಷ್ಟ್ರು. ನಾನೂ ಮೇಷ್ಟರೇ. ಕೊಟ್ಟೂರಿನ ಬಳೆ ಅಂಗಡಿಯವರ ಮಗಳು ಕೊಟ್ರಮ್ಮ. ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಎಂಟು ವರ್ಷ ರಸಾಯನಶಾಸ್ತ್ರ ಕಲಿಸಿದವಳು. ತೊಂಬತ್ತರ ದಶಕದ ಕೊನೆಯಲ್ಲಿ ಧಾರವಾಡದ ಗ್ರಂಥಾಲಯದಲ್ಲಿ ಈ ಸೆನ್ಸೇಯ್ ಬರೆದ ಲೇಖನವೊಂದನ್ನು ಓದಿ, ತಲೆಬುಡ ಅರ್ಥವಾಗದೆ, ಸಿಟ್ಟಿನಿಂದಲೇ ಅವರಿಗೊಂದು ಕಾಗದ ಬರೆದೆ. ಅವರು ಆರು ಪುಟದ ಉತ್ತರ ಬರೆದರು. ಮರುವರ್ಷ ಏಪ್ರಿಲ್ ತಿಂಗಳಲ್ಲಿ ಒಂದು ವರ್ಷದ ಸಂಶೋಧನಾ ವೇತನ ಹಿಡಿದು ಕನಾಜಾವಾ ಎಂಬ ಊರಿಗೆ ಬಂದಿಳಿದೆ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಬರಿಗಾಲಲ್ಲಿ ಅಂಗಳ ದಾಟುವಂತಿಲ್ಲ. ಇಲ್ಲಿ ನಾನು ಸ್ವೆಟರಿನ ಮೇಲೆ ಸ್ವೆಟರು ಹಾಕಿ, ಅದರ ಮೇಲೆ ಸೀರೆ ಸುತ್ತಿ, ಬತ್ತದ ಮೂಟೆಯ ಹಾಗೆ ನಿಂತಿದ್ದೆ.

ಶೀಶೆಯೊಳಗಿನದು ಏನೆಂದು ಈಗಲೇ ಹೇಳಿಬಿಡುತ್ತೇನೆ. ಗಂಜಿಯಲ್ಲಿ ಪಿಷ್ಟ ಇರುತ್ತದಲ್ಲ, ಅದು ಸಕ್ಕರೆಯ ಕಣಗಳು ಒಂದಕ್ಕೊಂದು ಕೂಡಿಕೊಂಡ ಉದ್ದನೆಯ ಸರಪಳಿ. ಒಂದು ಬಗೆಯ ಕಿಣ್ವ ಆ ಸರಪಳಿಯಿಂದ ಆರು ಕಣಗಳನ್ನು ಕತ್ತರಿಸಿ, ತುದಿಗೆ ತುದಿ ಸೇರಿಸಿ, ಬಳೆ ಮಾಡಿಬಿಡುತ್ತದೆ. ಆ ಬಳೆಯ ಹೆಸರು ಸೈಕ್ಲೋಡೆಕ್ಸ್‌ಟ್ರಿನ್. ನೋಡಲಿಕ್ಕೆ ಅಕ್ಕಿ ಹಿಟ್ಟಿನಂಥ ಬಿಳಿ ಪುಡಿ. ಇನ್ನೊಂದು ಶೀಶೆಯಲ್ಲಿ ದಾರದಂಥ ಉದ್ದನೆಯ ಪಾಲಿಮರ್. ಎರಡನ್ನೂ ನೀರಿನಲ್ಲಿ ಕರಗಿಸಿ ಬೆರೆಸಿದರೆ ಬಳೆಗಳು ತಾವಾಗಿಯೇ ದಾರಕ್ಕೆ ಏರಿಕೊಳ್ಳುತ್ತವೆ. ಬಳೆ ಏರಿದ ದಾರಗಳು ಒಂದರ ಮಗ್ಗುಲಿಗೆ ಒಂದು ಒತ್ತಿ ಕೂತು, ನಡುವೆ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದೇ ಹೈಡ್ರೋಜೆಲ್. ಗಂಟು ಹಾಕಿಲ್ಲ, ಅಂಟು ಹಚ್ಚಿಲ್ಲ, ಆದರೂ ನಿಲ್ಲುತ್ತದೆ. ನನ್ನಪ್ಪ ಹರೆಯದಲ್ಲಿ ಹರಪನಹಳ್ಳಿ, ಹಡಗಲಿ, ಹೊಳಲು ಅಂತ ಸಂತೆ ಸಂತೆ ತಿರುಗುವಾಗ ಹಗ್ಗಕ್ಕೆ ಬಳೆ ಪೋಣಿಸಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಮಲಾರ ನೋಡಿ ಬೆಳೆದವಳು ನಾನು. ಸೆನ್ಸೇಯ್ ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದಾಗ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಆ ವಾರವೇ ಊರಿಗೆ ಫೋನು ಮಾಡಿದೆ. ಅಂಗಡಿಯ ಎದುರಿನ ಎಸ್‌ಟಿಡಿ ಬೂತಿಗೆ ಅಪ್ಪನನ್ನು ಕರೆಸಿದ್ದರು.

"ಏನವಾ, ಅಲ್ಲಿ ಏನ್ ಕೆಲಸ ಕೊಟ್ಟಾರ ನಿನಗ?" ಎಂದ ಅಪ್ಪ.

"ದಾರಕ್ಕ ಬಳಿ ಏರ್ಸೋದಪಾ."

ಅಪ್ಪ ಅದನ್ನು ಬೂತಿನವರಿಗೆಲ್ಲ ಕೂಗಿ ಹೇಳಿದ. ಆಮೇಲೆ, "ಅದನ್ನ ಇಲ್ಲೇ ಕಲಿಸ್ತಿದ್ನಲ್ಲೇ. ಅದಕ್ಕ ಜಪಾನ್ ತನಕ ಹೋಗಬೇಕಿತ್ತೇನು?" ಎಂದ. ಬೂತಿನಲ್ಲಿದ್ದವರೆಲ್ಲ ನಕ್ಕದ್ದು ನನಗೆ ಇಲ್ಲಿಗೆ ಕೇಳಿಸಿತು.

ನಕ್ಕದ್ದಾಯಿತು. ಆದರೆ ಆ ಕೆಲಸ ನನಗೆ ನಗೆಯ ಮಾತಾಗಿರಲಿಲ್ಲ. ನನ್ನ ಸೋದರತ್ತೆ ಗುಡೇಕೋಟೆಯವಳು. ಎದೆಯ ಕಾಯಿಲೆಗೆ ದಿನಕ್ಕೊಂದು ಇಂಜೆಕ್ಷನ್ ಎಂದು ಡಾಕ್ಟರು ಬರೆದುಕೊಟ್ಟಾಗ, ಆಕೆ ತಿಂಗಳುಗಟ್ಟಲೆ ಬಸ್ಸು ಹತ್ತಿ ಕೂಡ್ಲಿಗಿಗೆ ಬಂದು ಸೂಜಿ ಚುಚ್ಚಿಸಿಕೊಂಡು ಹೋಗುತ್ತಿದ್ದಳು. ಬಸ್ಸು ತಪ್ಪಿದ ದಿನ ಔಷಧಿಯೂ ತಪ್ಪುತ್ತಿತ್ತು. ಈ ಜೆಲ್ ಸೂಜಿಯಲ್ಲಿ ಒತ್ತಿದರೆ ಹರಿಯುತ್ತದೆ, ಮೈಯೊಳಗೆ ಹೋದ ಮೇಲೆ ಮತ್ತೆ ಗಟ್ಟಿಯಾಗುತ್ತದೆ, ತನ್ನೊಳಗಿನ ಔಷಧಿಯನ್ನು ದಿನಗಟ್ಟಲೆ ಚೂರು ಚೂರಾಗಿ ಬಿಡುತ್ತದೆ. ದಿನಾ ಚುಚ್ಚುವುದನ್ನು ವಾರಕ್ಕೊಮ್ಮೆ ಮಾಡಬಹುದೇನೋ ಎಂಬ ಆಸೆ ಆ ಪ್ರಯೋಗಾಲಯದ್ದು. ಅತ್ತೆಯ ತೋಳನ್ನು ಕಂಡಿದ್ದ ನನಗೆ ಆ ಆಸೆ ಹತ್ತಿಕೊಂಡಿತು.

ಸೆನ್ಸೇಯ್ ಅವರ ಕರಾರು ಸ್ಪಷ್ಟವಾಗಿತ್ತು. ಮೊದಲು ಭಾಷೆ, ಓದು, ಯಂತ್ರಗಳ ಪರಿಚಯ. ಶರತ್ಕಾಲದಿಂದ ನಾನೇ ಜೆಲ್ ಮಾಡಬೇಕು. ಮಾರ್ಚ್ ಮುಗಿಯುವುದರೊಳಗೆ ನನ್ನ ಕೈಯಲ್ಲಿ ಒಂದೇ ಸಮ ಐದು ಶೀಶೆ ತಲೆಕೆಳಗಾಗಿ ನಿಂತರೆ ಔಷಧಿ ಸೇರಿಸುವ ಕೆಲಸ ನನ್ನದು, ಇನ್ನೆರಡು ವರ್ಷದ ವೇತನಕ್ಕೆ ಅವರೇ ಬರೆದು ಕೇಳುತ್ತಾರೆ. ನಿಲ್ಲದಿದ್ದರೆ ಗಂಟುಮೂಟೆ ಕಟ್ಟುವುದು.

ಅಷ್ಟರಲ್ಲಿ ಊರು ಕಲಿಯಬೇಕಿತ್ತು. ಕನಾಜಾವಾ ಜಪಾನ್ ಸಮುದ್ರದ ದಂಡೆಯ ಮಗ್ಗುಲಲ್ಲಿದೆ. ಇಲ್ಲಿ ವರ್ಷದ ಮುಕ್ಕಾಲು ಪಾಲು ಆಕಾಶ ಸೋರುತ್ತಲೇ ಇರುತ್ತದೆ. 'ಬುತ್ತಿ ಮರೆತರೂ ಕೊಡೆ ಮರೆಯಬೇಡ' ಎಂಬುದು ಇಲ್ಲಿಯವರ ಗಾದೆ. ನಮ್ಮ ಕಡೆ ಕೊಡೆ ಬಿಸಿಲಿಗೆ ಬಿಚ್ಚುವುದು. ಬುತ್ತಿ ಮರೆತವನನ್ನು ಯಾರೂ ಬುದ್ಧಿವಂತ ಎನ್ನುವುದಿಲ್ಲ. ಮೊದಲ ತಿಂಗಳಲ್ಲೇ ನಾನು ಬಸ್ಸಿನಲ್ಲಿ ಮೂರು ಕೊಡೆ ಬಿಟ್ಟೆ. ಮೂರೂ ನನಗೇ ಮರಳಿ ಬಂದವು. ಒಂದರ ಹಿಡಿಕೆಗೆ ಒರೆಸಿದ ಗುರುತೂ ಇತ್ತು, ಯಾರೋ ಪುಣ್ಯಾತ್ಮರು ಕೆಸರು ತೆಗೆದಿದ್ದರು. ಇಂಥ ಜನರನ್ನು ಮೆಚ್ಚದೆ ಹೇಗಿರುವುದು?

ಮನೆ ಸಿಗುವುದು ಮಾತ್ರ ಕಷ್ಟವಾಯಿತು. ಬಾಡಿಗೆಗೆ ಕೊಡುವವರು 'ಹೊಶೋನಿನ್' ಯಾರು ಎಂದು ಕೇಳುತ್ತಿದ್ದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಜಾಮೀನು ನಿಲ್ಲುವವರು. ಪರದೇಶಿ ಹೆಂಗಸಿಗೆ ಜಾಮೀನು ಯಾರು ನಿಲ್ಲುತ್ತಾರೆ? ನಿಂತವರು ಯೋಶಿಕೋ ಸಾನ್. 'ಸಾನ್' ಎಂದರೆ ಮಾತಿನ ಕೊನೆಗೆ ನಾವು ಹಚ್ಚುವ 'ರಿ' ಇದ್ದ ಹಾಗೆ. ಹೆಸರಿನ ಬೆನ್ನಿಗೆ ಮರ್ಯಾದೆ. ಆಕೆ ನಮ್ಮ ಪ್ರಯೋಗಾಲಯದ ತಕ್ಕಡಿಕೋಣೆ ಮತ್ತು ಗಾಜಿನ ಸಾಮಾನು ನೋಡಿಕೊಳ್ಳುತ್ತಿದ್ದ ಐವತ್ತು ದಾಟಿದ ಹೆಂಗಸು. ಗಿಡ್ಡ ಕೂದಲು, ಗಿಡ್ಡ ಮಾತು. ಕಾಗದಕ್ಕೆ ಮೊಹರು ಒತ್ತಿ, "ಕೊತೋರಾಮ್ಮಾ ಸಾನ್, ಕಿಟಕಿ ತೆಗೆದು ಒಗ್ಗರಣೆ ಹಾಕಿ" ಎಂದಷ್ಟೇ ಹೇಳಿದರು. ಒಣಮೆಣಸಿನಕಾಯಿ ಘಾಟಿಗೆ ಪಕ್ಕದ ಮನೆಯ ಮುದುಕಿ ಕೆಮ್ಮಿದ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

ಊಟದ ಮಾತು ಬೇರೆ. ತರಕಾರಿ ಸಾರು ಎಂದು ಕೊಟ್ಟದ್ದರಲ್ಲೂ 'ದಾಶಿ' ಎಂಬ ಮೀನಿನ ಕಟ್ಟು ಇರುತ್ತದೆಂದು ತಿಳಿದ ದಿನ ನಾನು ಹೊರಗೆ ಉಣ್ಣುವುದನ್ನೇ ಬಿಟ್ಟೆ. ಜೋಳದ ಹಿಟ್ಟು ಇಲ್ಲ. ಅಕ್ಕಿ ಹಿಟ್ಟಿನ ರೊಟ್ಟಿ ಬಡಿದು, ಊರಿನಿಂದ ತಂದಿದ್ದ ಶೇಂಗಾ ಚಟ್ನಿಪುಡಿಯನ್ನು ಔಷಧಿಯ ಹಾಗೆ ಅಳೆದು ತಿನ್ನುತ್ತಿದ್ದೆ. ಸಂಜೆ ಮಂಡಕ್ಕಿ ಒಗ್ಗಾಣಿ ಮಿರ್ಚಿ ನೆನಪಾದರೆ ಕಣ್ಣಲ್ಲಿ ನೀರು ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಮಧ್ಯಾಹ್ನದ ಡಬ್ಬಿಯನ್ನು ಎಲ್ಲರ ಜೊತೆ ಚಹಾಕೋಣೆಯಲ್ಲಿ ಉಣ್ಣದೆ, ನನ್ನ ಮೇಜಿನಲ್ಲೇ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆ.

ಅದಕ್ಕೊಂದು ಕಾರಣವಿತ್ತು. ನಮ್ಮ ಮನೆಯಲ್ಲಿ ಉಂಡ ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿಯುತ್ತೇವೆ. ಕೊರಳಲ್ಲಿ ಲಿಂಗ ಇರುವವರ ಪಾಲಿಗೆ ಉಣ್ಣುವುದೆಲ್ಲ ಪ್ರಸಾದ. ಒಂದು ಅಗುಳೂ ಕೆಡಬಾರದು. ನನ್ನಜ್ಜಿ ಪಂಕ್ತಿಯ ಕೊನೆಗೆ ಕೂತು ಮೊಮ್ಮಕ್ಕಳ ಗಂಗಾಳಗಳನ್ನೇ ನೋಡುತ್ತಿದ್ದಳು. "ತೊಳ್ದು ಕುಡೀಲೇ ಕೊಟ್ರಿ. ಪ್ರಸಾದ ಕೆಡಿಸಿದೋರಿಗೆ ಪ್ರಸಾದ ಸಿಗಂಗಿಲ್ಲ." ಧಾರವಾಡದ ಹಾಸ್ಟೆಲಿನಲ್ಲಿ ನಾನು ಹಾಗೆ ಮಾಡಿದ್ದಕ್ಕೆ ಹುಡುಗಿಯರು ಮೂಗು ಮುಚ್ಚಿಕೊಂಡು ನಕ್ಕಿದ್ದರು. ನಗಿಸಿಕೊಳ್ಳುವುದು ನನಗೆ ಆಗುವುದಿಲ್ಲ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಅಭ್ಯಾಸ ಬಿಡುವುದೂ ಆಗುವುದಿಲ್ಲ. ಅದಕ್ಕೇ ಗೋಡೆಗೆ ಮುಖ.

ಅಕ್ಟೋಬರ್ ಬಂತು. ಜೆಲ್ ಮಾಡಲು ಕೂತೆ. ಪುಡಿ ತೂಗಿದೆ, ನೀರು ಅಳೆದೆ, ದಾರ ಕರಗಿಸಿದೆ, ಎರಡೂ ಬೆರೆಸಿದೆ. ದ್ರವ ತುಸು ಮಸುಕಾಯಿತು. ಕಾದೆ. ತಲೆಕೆಳಗು ಮಾಡಿದೆ. ಎಲ್ಲವೂ ಕೈಮೇಲೆ ಸುರಿಯಿತು. ಮೊದಲ ಸಲ ಯಾರಿಗಾದರೂ ಹೀಗೆ ಆಗುತ್ತದೆ ಎಂದುಕೊಂಡೆ. ಹತ್ತನೆಯ ಸಲವೂ ಸುರಿಯಿತು. ಪಕ್ಕದ ಮೇಜಿನಲ್ಲಿ ನಿನ್ನೆ ಮೊನ್ನೆ ಬಂದ ಹುಡುಗಿಯೊಬ್ಬಳು ಅದೇ ಪುಡಿ, ಅದೇ ನೀರು, ಅದೇ ತಕ್ಕಡಿಯಲ್ಲಿ ಮಾಡಿ, ಶೀಶೆಗಳನ್ನು ಬಾವಲಿಗಳ ಹಾಗೆ ತಲೆಕೆಳಗಾಗಿ ಸಾಲು ನಿಲ್ಲಿಸುತ್ತಿದ್ದಳು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲ, ಗೋಡೆ, ಮಾಡು ಎಲ್ಲವನ್ನೂ ಡೊಂಕು ಎಂದೆ. ಪುಡಿ ಹಳೆಯದು ಎಂದು ಹೊಸದು ತರಿಸಿದೆ. ಈ ಊರಿನ ಹವೆಯಲ್ಲಿ ಪುಡಿ ನೀರು ಹೀರುತ್ತದೆ ಎಂದು ಅದನ್ನು ಒಣಗಿಸಿದೆ. ಕೋಣೆ ತಣ್ಣಗಿದೆ ಎಂದೆ, ಬಿಸಿ ಮಾಡಿಸಿ ಬಿಸಿಯಾಯಿತು ಎಂದೆ. ಸೆನ್ಸೇಯ್ ಎಲ್ಲದಕ್ಕೂ ತಲೆಯಾಡಿಸಿ, ನನ್ನ ನೋಟ್‌ಬುಕ್ ತೆಗೆದು ಸಾಲು ಸಾಲಾಗಿ ಓದುತ್ತಿದ್ದರು. ತೂಕ ಸರಿ. ಅಳತೆ ಸರಿ. ಕ್ರಮ ಸರಿ. ಅವರಿಗೂ ಎಲ್ಲಿ ತಪ್ಪಿದೆ ಎಂದು ಕಾಣಲಿಲ್ಲ. "ನಾಳೆ ಮತ್ತೆ ಮಾಡೋಣ" ಎನ್ನುತ್ತಿದ್ದರು. 'ಮಾಡಿ' ಎನ್ನುತ್ತಿರಲಿಲ್ಲ, 'ಮಾಡೋಣ' ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ಅವರಿಗೆ ಈಗಲೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಆದರೆ ಆಗ ಕೈಮುಗಿಯುವ ಮನಸ್ಸಿರಲಿಲ್ಲ. ಡಿಸೆಂಬರ್ ಹೊತ್ತಿಗೆ ನನ್ನ ತಲೆಯಲ್ಲಿ ಒಂದು ಕೆಟ್ಟ ಹುಳ ಹೊಕ್ಕಿತು. ಇವರು ನನಗೆ ಏನೋ ಮುಚ್ಚಿಡುತ್ತಿದ್ದಾರೆ. ಅಡುಗೆ ಹೇಳಿಕೊಟ್ಟು ಒಂದು ಸಾಮಾನು ಬಿಟ್ಟು ಹೇಳುವ ನೆರೆಮನೆಯವರಿರುತ್ತಾರಲ್ಲ, ಹಾಗೆ. ಹೊರಗಿನವಳಿಗೆ ಕೈಚಳಕ ಯಾಕೆ ಕೊಡಬೇಕು ಎಂದು. ಮಾತು ಕಡಿಮೆ ಮಾಡಿದೆ. ಯೋಶಿಕೋ ಸಾನ್ ತಕ್ಕಡಿಕೋಣೆಯಲ್ಲಿ "ಓಹಾಯೋ" ಎಂದು ಬೆಳಗಿನ ನಮಸ್ಕಾರ ಹೇಳಿದರೆ ಹೂಂ ಎಂದಷ್ಟೇ ಹೇಳಿ ಹೋಗುತ್ತಿದ್ದೆ. ನನಗಾಗಿ ಜಾಮೀನು ನಿಂತ ಹೆಂಗಸಿಗೆ ನಾನು ಹೂಂ ಎಂದೆ. ಅದನ್ನು ಬರೆಯುವಾಗ ಈಗಲೂ ಮೋರೆ ಬಿಸಿಯಾಗುತ್ತದೆ.

ಸಂಕ್ರಾಂತಿ ಮುಗಿದು ಒಂದು ವಾರವಾಗಿತ್ತು. ಅಪ್ಪ ಫೋನಿನಲ್ಲಿ, "ಯಾವಾಗ ಬರ್ತೀ? ಕಾಲೇಜಿನೋರು ಕೇಳ್ಯಾರ" ಎಂದ. ಮಾರ್ಚಿಗೆ ಎಂದೆ. "ಕೆಲಸ ಆತೇನು?" ಎಂದ. "ನಿಂದ್ರವಲ್ದಪಾ, ನನ್ನ ಕೈಯಾಗ ಮಾತ್ರ ನಿಂದ್ರವಲ್ದು" ಎಂದು ಅತ್ತುಬಿಟ್ಟೆ. ಮೂವತ್ತು ದಾಟಿದ ಮೇಷ್ಟರು ಇಲ್ಲಿಯ ಬೀದಿಯ ಫೋನ್ ಬೂತಿನ ಗಾಜಿಗೆ ಹಣೆ ಹಚ್ಚಿ ಅತ್ತದ್ದನ್ನು ಹೊರಗೆ ಸರದಿಗೆ ನಿಂತಿದ್ದ ಮುದುಕರೊಬ್ಬರು ನೋಡಿ, ನೋಡದವರ ಹಾಗೆ ಬೆನ್ನು ತಿರುಗಿಸಿ ನಿಂತರು. ಇಲ್ಲಿಯವರ ದಯೆ ಎಷ್ಟೋ ಸಲ ಬೆನ್ನು ತಿರುಗಿಸುವುದರಲ್ಲಿ ಇರುತ್ತದೆ. ನಮ್ಮಲ್ಲಾಗಿದ್ದರೆ ಅಷ್ಟರಲ್ಲಿ ನಾಲ್ಕು ಜನ ಬಾಗಿಲು ತೆಗೆದು, "ಯಾಕವಾ, ಏನಾತು?" ಎಂದು ಕೇಳಿ, ಇಬ್ಬರು ಚಹಾ ತರಿಸಿರುತ್ತಿದ್ದರು. ಆ ದಿನ ನನಗೆ ನಮ್ಮ ಕಡೆಯ ದಯೆಯೇ ಬೇಕಾಗಿತ್ತು.

ಮಾರನೆಯ ದಿನ ಹಿಮ ಬಿತ್ತು. ಕಿಟಕಿಯ ಅರ್ಧದವರೆಗೆ ಬಿತ್ತು. ಕಟ್ಟಡದ ಹೀಟರ್ ಕೈಕೊಟ್ಟು, ಸೀಮೆಎಣ್ಣೆ ಒಲೆ ಇದ್ದ ಚಹಾಕೋಣೆಯೊಂದೇ ಬೆಚ್ಚಗಿತ್ತು. ಬಹಳ ಜನ ಬಂದೇ ಇರಲಿಲ್ಲ. ನನ್ನ ಮೇಜಿನಲ್ಲಿ ಬೆರಳು ಸೆಟೆದುಕೊಂಡವು. ವಿಧಿಯಿಲ್ಲದೆ ಡಬ್ಬಿ ಹಿಡಿದು ಚಹಾಕೋಣೆಗೆ ಹೋದೆ. ಯೋಶಿಕೋ ಸಾನ್ ಒಬ್ಬರೇ ಕೂತು ಅನ್ನ ಉಣ್ಣುತ್ತಿದ್ದರು. ಎದುರಿಗೆ ಕೂತೆ. ಉಂಡು ಮುಗಿದ ಮೇಲೆ ನಾನು ಡಬ್ಬಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತೆ, ಆಕೆ ಎದ್ದು ಹೋಗಲಿ ಎಂದು. ಆಕೆ ಏಳಲಿಲ್ಲ. ನಗುವುದಾದರೆ ನಗಲಿ, ಮಾರ್ಚಿಗೆ ಹೇಗೂ ಹೋಗುವವಳು ಎಂದುಕೊಂಡು ಡಬ್ಬಿಗೆ ನೀರು ಹಾಕಿದೆ, ಬೆರಳಿನಿಂದ ಬಳಿದು ತೊಳೆದೆ, ಕುಡಿದೆ. ಇನ್ನಷ್ಟು ಹಾಕಿ ಎರಡನೆಯ ಸಲ ತೊಳೆದು ಕುಡಿದೆ.

ಯೋಶಿಕೋ ಸಾನ್ ನಗಲಿಲ್ಲ. ತಮ್ಮ ಅನ್ನದ ಬಟ್ಟಲಿಗೆ ಕೆಟಲಿನಿಂದ ಬಿಸಿ ಚಹಾ ಸುರಿದುಕೊಂಡರು. ಉಳಿಸಿಟ್ಟುಕೊಂಡಿದ್ದ ಹಳದಿ ಮೂಲಂಗಿ ಉಪ್ಪಿನಕಾಯಿಯ ಒಂದು ಬಿಲ್ಲೆಯನ್ನು ಊಟದ ಕಡ್ಡಿಗಳಿಂದ ಹಿಡಿದು ಬಟ್ಟಲಿನ ಒಳಗೆಲ್ಲ ಸುತ್ತ ಒರೆಸಿದರು. ಬಿಲ್ಲೆ ತಿಂದರು. ಚಹಾ ಕುಡಿದರು. ಬಟ್ಟಲು ಹೊಳೆಯುತ್ತಿತ್ತು.

"ನನ್ನಜ್ಜ ಬೌದ್ಧ ಗುಡಿಯ ಪೂಜಾರಿ. ಅಲ್ಲಿ ಹೀಗೆಯೇ ಉಣ್ಣಬೇಕು," ಎಂದರು. "ಇಲ್ಲದಿದ್ದರೆ 'ಮೊತ್ತಾಯ್‌ನಾಯ್' ಎಂದು ಬೈಯುತ್ತಿದ್ದರು." ಇದ್ದದ್ದನ್ನು ಕೆಡಿಸಿದಾಗ ಆಗುವ ಸಂಕಟಕ್ಕೆ ಇಲ್ಲಿ ಆ ಮಾತು ಇದೆ. ನಮ್ಮಲ್ಲಿ ಅದಕ್ಕೆ ಒಂದೇ ಪದ ಇಲ್ಲ, ಅಜ್ಜಿಯ ಕಣ್ಣಿದೆ.

ಒಂಬತ್ತು ತಿಂಗಳು ಗೋಡೆಗೆ ಮುಖ ಮಾಡಿ ಉಂಡವಳಿಗೆ ಏನಾಗಿರಬೇಡ. ನಾನು ಅರ್ಧ ಇಂಗ್ಲಿಷು ಅರ್ಧ ಜಪಾನಿಯಲ್ಲಿ ಅಜ್ಜಿಯ ಕಥೆ, ಪಂಕ್ತಿಯ ಕಥೆ ಎಲ್ಲ ಹೇಳಿದೆ. ಆಕೆ ತಲೆಯಾಡಿಸುತ್ತ ಕೇಳಿದರು. ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಬಟ್ಟಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಕೊತೋರಾಮ್ಮಾ ಸಾನ್, ಒಂದು ಕೇಳಲೇ? ಪುಡಿ ತೂಗಿದ ಬಟ್ಟಲನ್ನೂ ಹೀಗೆಯೇ ತೊಳೆಯುತ್ತೀರಾ?"

"ತೊಳೆಯದೆ? ಅಂಚಿಗೆಲ್ಲ ಪುಡಿ ಹತ್ತಿರುತ್ತದಲ್ಲ. ಎರಡು ಸಲ ತೊಳೆಯುತ್ತೇನೆ."

"ಆ ನೀರು ಎಲ್ಲಿ ಹೋಗುತ್ತದೆ?"

"ಶೀಶೆಗೆ," ಎಂದೆ. ಮತ್ತೆಲ್ಲಿಗೆ ಹೋಗಬೇಕು ಎಂಬ ದನಿಯಲ್ಲಿ ಎಂದೆ. ಹಾಗೆ ಎಂದ ಬಾಯಿ ತೆರೆದೇ ಉಳಿಯಿತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಎಂಟು ವರ್ಷ ಹುಡುಗರಿಗೆ ನಾನೇ ಕಲಿಸಿದ್ದೆ: ತೂಗಿದ ಪಾತ್ರೆ ತೊಳೆಯಿರಿ, ತೊಳೆದ ನೀರನ್ನೂ ಸೇರಿಸಿರಿ. ಅಲ್ಲಿ ಅದು ಸರಿ. ಯಾಕೆಂದರೆ ಅಲ್ಲಿಯ ಫ್ಲಾಸ್ಕಿನ ಕತ್ತಿಗೆ ಒಂದು ಗೆರೆ ಇರುತ್ತದೆ. ಏನೇ ಸೇರಿಸಿದರೂ ಕೊನೆಗೆ ಆ ಗೆರೆಯವರೆಗೆ ಮಾತ್ರ ನೀರು. ಇಲ್ಲಿ ಗೆರೆ ಇರಲಿಲ್ಲ. ಅಳೆದ ನೀರು ಆಗಲೇ ಶೀಶೆಯಲ್ಲಿರುತ್ತಿತ್ತು. ಅದರ ಮೇಲೆ ನಾನು ಬಳೆಯ ಬಟ್ಟಲು ತೊಳೆದದ್ದು ಎರಡು ಸಲ, ದಾರದ ಬಟ್ಟಲು ತೊಳೆದದ್ದು ಎರಡು ಸಲ ಸುರಿಯುತ್ತಿದ್ದೆ. ಅಷ್ಟು ಸಣ್ಣ ಶೀಶೆಯಲ್ಲಿ ನೀರು ಹೆಚ್ಚು ಕಡಿಮೆ ಎರಡರಷ್ಟಾಗುತ್ತಿತ್ತು. ಬಳೆ ಏರಿದ ದಾರಗಳು ಒಂದಕ್ಕೊಂದು ಒತ್ತಿ ಕೂರುವುದೆಲ್ಲಿ ಬಂತು, ಕೆರೆಯಲ್ಲಿ ಚದುರಿದ ಎಮ್ಮೆಗಳ ಹಾಗೆ ಅವು ದೂರ ದೂರ ಉಳಿಯುತ್ತಿದ್ದವು.

ನೋಟ್‌ಬುಕ್ಕಿನಲ್ಲಿ ಅದು ಯಾಕಿರಲಿಲ್ಲ ಎಂದು, ನಾವಿಬ್ಬರೂ ಹೋಗಿ ವಿಷಯ ಹೇಳಿದಾಗ, ಸೆನ್ಸೇಯ್ ಕೇಳಿದರು. ಏನು ಹೇಳಲಿ? ಊಟಕ್ಕೆ ಏನೇನು ಇತ್ತು ಎಂದು ಕೇಳಿದರೆ ರೊಟ್ಟಿ, ಪಲ್ಯ, ಅನ್ನ, ಸಾರು ಎನ್ನುತ್ತೇವೆ. ಗಂಗಾಳ ತೊಳೆದ ನೀರನ್ನು ಯಾರಾದರೂ ಎಣಿಸುತ್ತಾರೆಯೇ? ಅದು ನನ್ನ ಕೈ ಮಾಡುತ್ತಿದ್ದ ಕೆಲಸ, ನನಗೇ ಗೊತ್ತಾಗುತ್ತಿರಲಿಲ್ಲ. ಉಳಿದವರು ಅಂಚಿಗೆ ಹತ್ತಿದ ಚೂರು ಪುಡಿಯನ್ನು ಹಾಗೆಯೇ ಬಿಟ್ಟು ಬಟ್ಟಲನ್ನು ತೊಳೆಯಲು ಹಾಕುತ್ತಿದ್ದರು. ಅದನ್ನೇ ಅವರು ಮುಚ್ಚಿಟ್ಟ ಗುಟ್ಟು ಎನ್ನುವುದಾದರೆ ಅಷ್ಟೇ ಗುಟ್ಟು. ನಾನು ಅವರ ಮೇಲೆ ಹೊರಿಸಿದ್ದ ಅನುಮಾನವೆಲ್ಲ ನನ್ನ ಮೇಲೇ ಬಂದು ಕೂತಿತು. ಯೋಶಿಕೋ ಸಾನ್ ಅವರಿಗೆ ಅನುಮಾನದ ವಿಷಯವನ್ನೂ ಹೇಳಿ ತಪ್ಪಾಯಿತು ಎಂದೆ. "ಗೊತ್ತಿತ್ತು," ಎಂದರು ಆಕೆ. "ನಿಮ್ಮ 'ಹೂಂ' ಬಹಳ ಜೋರಾಗಿರುತ್ತಿತ್ತು."

"ಹಾಗಾದರೆ ಇನ್ನು ತೊಳೆಯಬೇಡಿ" ಎಂದರು ಸೆನ್ಸೇಯ್. ಸುಲಭದ ದಾರಿ. ಅರ್ಧ ದಿನ ಪ್ರಯತ್ನಿಸಿದೆ. ಬಟ್ಟಲಿನ ಅಂಚಿಗೆ ಪುಡಿ ಹತ್ತಿದ್ದು ಕಾಣುವುದು, ನನ್ನ ಕೈ ತಡೆಯುವುದು, ಅಜ್ಜಿಯ ಕಣ್ಣು ಬೆನ್ನಿಗೆ ಚುಚ್ಚುವುದು. ಆಗಲಿಲ್ಲ. ಹಟಮಾರಿ ಎಂದು ಮನೆಯಲ್ಲಿ ಸುಮ್ಮನೆ ಹೆಸರಿಟ್ಟಿರಲಿಲ್ಲ. ಸಂಜೆ ಹೊಳೆಯಿತು: ನೀರನ್ನು ಮೊದಲೇ ಅಳೆದು, ಅದರಲ್ಲೇ ಅರ್ಧ ತೆಗೆದು ಬೇರೆ ಇಟ್ಟುಕೊಂಡರೆ? ಅರ್ಧದಲ್ಲಿ ಕರಗಿಸುವುದು, ಉಳಿಸಿದ ಅರ್ಧದಲ್ಲಿ ಬಟ್ಟಲು ತೊಳೆಯುವುದು. ನೀರು ಹೆಚ್ಚಾಗುವುದಿಲ್ಲ, ಪುಡಿ ಕೆಡುವುದಿಲ್ಲ.

ಮರುದಿನ ಐದು ಶೀಶೆ ಮಾಡಿದೆ. ಒಂದೊಂದೇ ಬೆಳ್ಳಗಾಯಿತು. ತಿರುಗಿಸಲು ಧೈರ್ಯ ಸಾಲದೆ ಕೈಕಟ್ಟಿ ಕೂತೆ. ಯೋಶಿಕೋ ಸಾನ್ ಬಂದು ನನ್ನ ಕೈ ಹಿಡಿದು ಮೊದಲನೆಯದನ್ನು ತಿರುಗಿಸಿದರು. ಬೀಳಲಿಲ್ಲ. ಎರಡು, ಮೂರು, ನಾಲ್ಕು, ಐದು. ಒಂದು ಹನಿ ಬೀಳಲಿಲ್ಲ. ಸೆನ್ಸೇಯ್ ಐದನ್ನೂ ಯಂತ್ರಕ್ಕೆ ಹಾಕಿ ಗಟ್ಟಿತನ ಅಳೆದರು, ಅಳೆದು ಕನ್ನಡಕ ತೆಗೆದು ಒರೆಸಿಕೊಂಡರು. ಬೇರೆಯವರ ಶೀಶೆಗಳು ಒಂದಕ್ಕಿಂತ ಒಂದು ತುಸು ಹೆಚ್ಚು ಕಡಿಮೆ ಇರುತ್ತಿದ್ದವು. ನನ್ನ ಐದೂ ಒಂದೇ ಸಮ. ತೂಗಿದ ಪುಡಿಯೆಲ್ಲ ಶೀಶೆಗೆ ಹೋಗಿತ್ತಲ್ಲ, ಅದಕ್ಕೆ. ಆ ವಾರ ಪ್ರಯೋಗಾಲಯದ ಕ್ರಮದ ಪುಸ್ತಕದಲ್ಲಿ ಹೊಸ ಸಾಲೊಂದು ಸೇರಿತು: ಅಳೆದ ನೀರಿನ ಅರ್ಧವನ್ನು ಬಟ್ಟಲು ತೊಳೆಯಲು ಉಳಿಸಿಕೊಳ್ಳಿ, ತೊಳೆದ ನೀರನ್ನು ಸೇರಿಸಿ. ಕೊಟ್ಟೂರಿನ ನನ್ನಜ್ಜಿಯ ಮಾತು ಜಪಾನಿ ಲಿಪಿಯಲ್ಲಿ ಅಲ್ಲಿ ಕೂತಿದೆ. ಅವಳ ಹೆಸರು ಹಾಕಿಲ್ಲ. ಹಾಕಿದ್ದರೆ ಅವಳೇ ಬೈಯುತ್ತಿದ್ದಳು.

ಎರಡು ವರ್ಷವೆಂದು ಉಳಿದವಳು ಆರು ವರ್ಷ ಉಳಿದಿದ್ದೇನೆ. ಜೆಲ್ ಇನ್ನೂ ಯಾರ ತೋಳಿಗೂ ಹೋಗಿಲ್ಲ. ಅದು ನಿಧಾನದ ಕೆಲಸ. ಆದರೆ ಇಲಿಯ ಮೈಯಲ್ಲಿ ಔಷಧಿಯನ್ನು ದಿನಗಟ್ಟಲೆ ಹಿಡಿದಿಟ್ಟು ಬಿಡುವುದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಈಗ ನಾನು ಚಹಾಕೋಣೆಯಲ್ಲೇ ಉಣ್ಣುತ್ತೇನೆ. ಯೋಶಿಕೋ ಸಾನ್ ತಮ್ಮ ಉಪ್ಪಿನಕಾಯಿಯ ಬಿಲ್ಲೆಯೊಂದನ್ನು ನನ್ನ ಡಬ್ಬಿಯ ಮುಚ್ಚಳದಲ್ಲಿ ಇಡುತ್ತಾರೆ, ನಾನು ಅವರಿಗೆ ಚಟ್ನಿಪುಡಿ ಕೊಡುತ್ತೇನೆ. ಬೆವರು ಒರೆಸಿಕೊಳ್ಳುತ್ತ ತಿನ್ನುತ್ತಾರೆ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಅಪ್ಪ ಅಂಗಡಿಯಲ್ಲಿ ಗಾಜಿನ ಕಪಾಟು ಮಾಡಿಸಿದ್ದಾನೆ, ಮಲಾರ ಮಾತ್ರ ಗೋಡೆಯ ಗೂಟಕ್ಕೆ ಇನ್ನೂ ತೂಗುತ್ತಿದೆ. "ಬರ್ರಿ ಜಪಾನಿನೋರ" ಎಂದು ಪಕ್ಕದ ಅಂಗಡಿಯವರು ಕರೆದರು. ಇಲ್ಲಿ ಆರು ವರ್ಷದಿಂದ ನಾನು ಇಂಡಿಯಾದವಳು, ಅಲ್ಲಿ ಎರಡೇ ದಿನದಲ್ಲಿ ಜಪಾನಿನವಳು. ಬಿಸಿಲಿಗೆ ನನಗೇ ಚರ್ಮ ಸುಟ್ಟಿತು. ಕೊಡೆ ಬಿಚ್ಚಿದರೆ ಕನಾಜಾವಾದ ಮಳೆಯ ವಾಸನೆ ಬಂದ ಹಾಗಾಯಿತು.

ಮಧ್ಯಾಹ್ನ ಊಟಕ್ಕೆ ಅಜ್ಜಿಯ ಮಗ್ಗುಲಿಗೆ ಕೂತೆ. ಬೆನ್ನು ಬಾಗಿದೆ, ಕಣ್ಣು ಮಾತ್ರ ಅದೇ. ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಉಂಡಾದ ಮೇಲೆ ಸೌತೆಕಾಯಿಯ ಒಂದು ಹೋಳು ಉಳಿಸಿಕೊಂಡಿದ್ದೆ. ಅದರಿಂದ ಗಂಗಾಳವನ್ನು ಸುತ್ತ ಒರೆಸಿ ತಿಂದೆ. ಅಜ್ಜಿ ನೋಡುತ್ತಲೇ ಇದ್ದಳು.

"ಅದ್ಯಾರು ಕಲಿಸಿದ್ರಲೇ ಹಂಗ?"

"ಅಲ್ಲ್ಯೋರು, ಅಜ್ಜಿ."

"ಚೊಲೋ ಕಲಿಸ್ಯಾರ," ಎಂದಳು. ಆಮೇಲೆ ನನ್ನ ಲೋಟದ ಕಡೆ ಬೆರಳು ಮಾಡಿದಳು. "ಆ ನೀರು ಯಾಕ ಅರ್ಧ ಬಿಟ್ಟಿ? ಖಾರ ಹತ್ತಿ ಕಣ್ಣಾಗ ನೀರು ಬಂದ್ರೂ ಮುಟ್ಟಲಿಲ್ಲ."

ನೋಡಿಕೊಂಡೆ. ಊಟಕ್ಕೆ ಕೂತಾಗಲೇ ಅರ್ಧ ಲೋಟ ಬೇರೆ ಎಂದು ನನ್ನ ಕೈ ತೀರ್ಮಾನ ಮಾಡಿಬಿಟ್ಟಿತ್ತು. ಕೊಡದ ತುಂಬ ನೀರು ಪಕ್ಕದಲ್ಲೇ ಇತ್ತು. "ಗಂಗಾಳ ತೊಳಿಯಾಕಂತ ಇಟ್ಟೇನಜ್ಜಿ," ಎಂದೆ.

ಅಜ್ಜಿ ಲೋಟ ನೋಡಿದಳು, ನನ್ನನ್ನು ನೋಡಿದಳು. ಮನೆಯಲ್ಲಿ ಎಲ್ಲರೂ ಸುತ್ತಿ ಬಳಸಿ ಕೇಳುತ್ತಿದ್ದದ್ದನ್ನು ಅವಳು ನೇರವಾಗಿ ಕೇಳಿದಳು. "ಖರೇ ಹೇಳು ಕೊಟ್ರಿ. ತಿರುಗಿ ಬರ್ತಿಯೋ, ಅಲ್ಲೇ ಇರ್ತಿಯೋ?"

"ಗೊತ್ತಿಲ್ಲಜ್ಜಿ," ಎಂದೆ. ಆರು ವರ್ಷದಲ್ಲಿ ಆ ಪ್ರಶ್ನೆಗೆ ನಾನು ಕೊಟ್ಟ ಮೊದಲ ನಿಜವಾದ ಉತ್ತರ ಅದು. "ಇಲ್ಲಿದ್ರ ಅಲ್ಲೀದು ಬಿಟ್ಟಂಗಾಗತೈತಿ. ಅಲ್ಲಿದ್ರ ನಿಮ್ಮನ್ನೆಲ್ಲಾ ಬಿಟ್ಟಂಗಾಗತೈತಿ."

ಬೈಯುತ್ತಾಳೆ ಎಂದುಕೊಂಡಿದ್ದೆ. ಅಜ್ಜಿ ನನ್ನ ಲೋಟ ಎತ್ತಿ, ಉಳಿದಿದ್ದ ಅರ್ಧ ನೀರನ್ನು ತಾನೇ ನನ್ನ ಗಂಗಾಳಕ್ಕೆ ಸುರಿದಳು.

"ಮೊದಲ ಕುಡ್ದದ್ದೂ ನಿನ್ನ ನೀರೇ, ಇದೂ ನಿನ್ನ ನೀರೇ," ಎಂದಳು. "ಕೆಡಿಸಬ್ಯಾಡ, ಅಷ್ಟ. ಕುಡಿ."

ಬೆರಳಿನಿಂದ ಬಳಿದು ತೊಳೆದೆ. ಎರಡೂ ಕೈಯಲ್ಲಿ ಗಂಗಾಳ ಎತ್ತಿ ಕುಡಿದೆ.